ಹಳೇ ಸ್ಪೋರ್ಟ್ಸ್ ಕಾರು ನೋಡ್ಲಿಕ್ಕೆ ಆಟಿ ತಿಂಗಳೇ ಸರಿ

ಆಟಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ನಮ್ಮಲ್ಲಿ ಯಾರೂ ಗಾಡಿ ತೆಗೆದುಕೊಳ್ಳುವುದಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಶೋರೂಮಿನಲ್ಲಿ ನೊಣ ಹೊಡೆಯುವ ಕಾಲ. ಆದರೆ ಹಳೇ ಸ್ಪೋರ್ಟ್ಸ್ ಕಾರೊಂದು ಬೇಕು, ಅದೂ ಭಾನುವಾರ ಒರೆಸಿ ಫೋಟೋ ಹಾಕಲಿಕ್ಕಲ್ಲ, ದಿನಾ ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೋ ಉಡುಪಿಯಿಂದ ಮಣಿಪಾಲಕ್ಕೋ ಓಡಿಸಲಿಕ್ಕೆ ಬೇಕು ಅನ್ನುವವರು ಕಾರು ನೋಡಬೇಕಾದದ್ದು ಇದೇ ತಿಂಗಳಲ್ಲಿ. ನೋಡಿ, ಚೌಕಾಸಿ ಮಾಡಿ, ಮುಂದಿನ ತಿಂಗಳು ಸೋಣದಲ್ಲಿ ಮನೆಗೆ ತನ್ನಿ. ಮನೆಯ ಹಿರಿಯರಿಗೂ ಬೇಜಾರಿಲ್ಲ, ಕೊಡುವವರೂ ರೇಟಿಗೆ ಅಷ್ಟು ಹಟ ಮಾಡುವುದಿಲ್ಲ.

ಫೆಬ್ರವರಿಯ ಬಿಸಿಲಿನಲ್ಲಿ ಪಾಲಿಶ್ ಹೊಡೆದು ನಿಲ್ಲಿಸಿದ ಕಾರು ತನ್ನ ಬಗ್ಗೆ ಏನೂ ಹೇಳುವುದಿಲ್ಲ ಮಾರಾಯ್ರೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ನಮ್ಮ ಮಳೆಯಲ್ಲಿ ಒಂದು ವಾರ ನಿಂತ ಕಾರು ಎಲ್ಲವನ್ನೂ ಹೇಳುತ್ತದೆ.

ಮೊದಲು ಬಾಡಿ ನೋಡಿ. ಬಾನೆಟ್ ಆಮೇಲೆ ಎತ್ತಿದರೆ ಸಾಕು. ಎಂಜಿನ್ ಕೆಲಸಕ್ಕೆ ಒಂದು ಲೆಕ್ಕ ಉಂಟು: ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಲೇತ್ ಕೆಲಸ, ಮುಗಿಯಿತು. ತುಕ್ಕಿನ ಕೆಲಸಕ್ಕೆ ಲೆಕ್ಕವೇ ಇಲ್ಲ. ಬೆರಳಗಲ ಅಂತ ಕತ್ತರಿಸಲು ಹೋದರೆ ಒಳಗೆ ಮೊಳದುದ್ದ ಹೋಗಿರುತ್ತದೆ. ಸಣ್ಣ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ (ಸಿಲ್), ಬಾಗಿಲಿನ ತಳದ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಈ ನಾಲ್ಕು ಕಡೆ ಇಟ್ಟು ನೋಡಿ. ಹಿಡಿಯದಿದ್ದಲ್ಲಿ ಒಳಗೆ ಇರುವುದು ಮೆಟಲ್ ಪೇಸ್ಟ್. ಆಮೇಲೆ ಮುಂದಿನ ಸೀಟಿನ ಕಾಲ ಬುಡದ ಕಾರ್ಪೆಟ್ ಎತ್ತಿ, ಅಡಿಯ ಫೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ನೀರು ಜಿನುಗಿದರೆ ಅದು ಎಲ್ಲಿಂದ ಬಂತು ಅಂತ ಹುಡುಕದೆ ಮುಂದಿನ ಮಾತು ಬೇಡ. ಅಂಟು ಅಂಟಾಗಿ ಸಿಹಿ ವಾಸನೆ ಬಂದರೆ ಹೀಟರ್‌ನಿಂದ ಸೋರಿದ ಕೂಲೆಂಟ್. ಎಸಿ ಹಾಕಿ ಓಡಿಸಿದ ಮೇಲೆ ಮಾತ್ರ ಎಡಗಡೆ ಒದ್ದೆಯಾದರೆ ಎಸಿಯ ನೀರು ಹೊರಗೆ ಹೋಗುವ ಪೈಪಿನಲ್ಲಿ ಕಸ ಕಟ್ಟಿದೆ, ಹತ್ತು ನಿಮಿಷದ ಕೆಲಸ. ಮಳೆಗೆ ಮಾತ್ರ ಒದ್ದೆಯಾದರೆ ಮುಂದಿನ ಗಾಜಿನ ಬೀಡಿಂಗ್, ಇಲ್ಲವೇ ವೈಪರ್ ಬುಡದ ತೊಟ್ಟಿಯಿಂದ ನೀರು ಇಳಿಯುವ ತೂತು. ಹಲಸಿನ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಆ ತೂತು ಮುಚ್ಚಿಯೇ ಇರುತ್ತದೆ.

ಇನ್ನೊಂದು ಪರೀಕ್ಷೆ ಯಾರೂ ಮಾಡುವುದಿಲ್ಲ, ಆದರೆ ಅದರಷ್ಟು ಸತ್ಯ ಹೇಳುವುದು ಬೇರೆ ಇಲ್ಲ. ಕಾರಿನ ಸ್ವಂತ ಜಾಕನ್ನು ಕಂಪೆನಿ ಗುರುತು ಮಾಡಿದ ಜಾಗಕ್ಕೇ ಕೊಟ್ಟು ಒಂದು ಚಕ್ರ ನೆಲ ಬಿಡುವಷ್ಟು ಎತ್ತಿ. ಆಗ ಆ ಕಡೆಯ ಬಾಗಿಲನ್ನು ಮೆಲ್ಲ ತೆರೆದು ಮುಚ್ಚಿ. ಮೊದಲಿನ ಹಾಗೆಯೇ ಮುಚ್ಚಿಕೊಂಡರೆ ಬಾಡಿ ಗಟ್ಟಿ ಉಂಟು. ಬಾಗಿಲು ಲಾಕಿಗೆ ಉಜ್ಜಿದರೆ ಅಥವಾ ಜಾಕ್ ಕೊಟ್ಟಲ್ಲಿ ಕರಕರ ಅಂದರೆ ತಳ ಹೋಗಿದೆ, ಕೈ ಮುಗಿದು ಬನ್ನಿ. ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಕೂರುವ ಗುಮ್ಮಟದ ಸುತ್ತ ವೆಲ್ಡಿಂಗ್ ಗುರುತು ಕಂಡರೂ ಅಷ್ಟೇ.

ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದೇವೆ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ತುಕ್ಕಿನ ಮೇಲೆ ಹೊಡೆದ ಆ ರಬ್ಬರ್ ಪದರ ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ, ಜೊತೆಗೆ ನೀರು ಇಳಿಯುವ ತೂತುಗಳನ್ನೂ ಮುಚ್ಚುತ್ತದೆ. ಹಳೇ ಬಣ್ಣ, ಅಲ್ಲಲ್ಲಿ ಮಣ್ಣು ಕಾಣುವ ತಳವೇ ನಂಬಲಿಕ್ಕೆ ಅಡ್ಡಿಯಿಲ್ಲ. ಮಲ್ಪೆ, ಪಣಂಬೂರಿನ ಉಪ್ಪು ಗಾಳಿಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿಗಿಂತ ಹುಬ್ಬಳ್ಳಿಯದೋ ಕೊಯಮತ್ತೂರಿನದೋ ಕಾರು, ಕಿಲೋಮೀಟರ್ ಜಾಸ್ತಿ ಓಡಿದ್ದರೂ, ನನ್ನ ಪ್ರಕಾರ ಮೇಲು.

ಎಸಿ ಬಗ್ಗೆ ಕ್ಲಾಸಿಕ್ ಕಾರಿನವರಿಗೆ ಒಂದು ಅಸಡ್ಡೆ ಉಂಟು, ಸ್ಪೋರ್ಟ್ಸ್ ಕಾರಿಗೆ ಎಸಿ ಯಾಕೆ ಅಂತ. ಇಲ್ಲಿ ಎಸಿ ತಂಪಿಗಲ್ಲ, ಕಣ್ಣಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಇಲ್ಲದ ಕಾರಿನಲ್ಲಿ ಇಬ್ಬರು ಕೂತು ಗಾಜು ಏರಿಸಿದರೆ ನಂತೂರು ಸರ್ಕಲ್ ಮುಟ್ಟುವ ಮೊದಲೇ ಮುಂದಿನ ಗಾಜು ಮಂಜು ಹಿಡಿಯುತ್ತದೆ. ಎಸಿ ಗಾಳಿಯ ತೇವ ತೆಗೆಯುತ್ತದೆ, ಅದಕ್ಕೇ ಗಾಜು ಬಿಡುತ್ತದೆ. ಹಾಗಾಗಿ ಕಂಪೆನಿಯಿಂದಲೇ ಎಸಿ ಬಂದ ಮಾಡೆಲ್ ಆರಿಸಿ. 90ರ ದಶಕದ ಮೊದಲ ಭಾಗದ ಕಾರಾದರೆ ಹಳೇ ಆರ್12 ಗ್ಯಾಸಿನ ಸಿಸ್ಟಮ್ ಇರಬಹುದು. ಅದಕ್ಕೆ ಆಮೇಲೆ ಬಂದ ಆರ್134ಎ ಗ್ಯಾಸ್ ತುಂಬಿಸಿದ್ದೇವೆ ಅಂದರೆ ಕಂಪ್ರೆಸರ್ ಆಯಿಲ್, ಓ-ರಿಂಗ್, ಡ್ರೈಯರ್ ಬದಲಿಸಿದ್ದಾರಾ ಕೇಳಿ. ಬರೀ ಗ್ಯಾಸ್ ತುಂಬಿಸಿದ್ದರೆ ಕಂಪ್ರೆಸರ್ ಹೆಚ್ಚು ದಿನ ಬಾಳುವುದಿಲ್ಲ.

ಸಂಜೆ ಕತ್ತಲಾಗುವ ಹೊತ್ತಿಗೆ ಇನ್ನೊಂದು ಕೆಲಸ. ಎಂಜಿನ್ ಐಡಲ್‌ನಲ್ಲಿರಲಿ, ಬಾನೆಟ್ ಎತ್ತಿ, ಬಟ್ಟೆ ಇಸ್ತ್ರಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವಯರ್ ಮತ್ತು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಸಣ್ಣಗೆ ಸಿಂಪಡಿಸಿ. ಕೈ ತಾಗಿಸಬೇಡಿ. ನೀಲಿ ಕಿಡಿಗಳು ವಯರ್ ಮೇಲೆ ಓಡಿದರೆ, ಎಂಜಿನ್ ಮುಗ್ಗರಿಸಿದರೆ, ನಾಳೆ ಬೆಳಗ್ಗಿನ ಜಡಿಮಳೆಯಲ್ಲಿ ಈ ಕಾರು ಪಡೀಲಿನಲ್ಲಿ ನಿಲ್ಲುತ್ತದೆ ಅಂತಲೇ ಅರ್ಥ. ಬದಲಿಸಲಿಕ್ಕೆ ದೊಡ್ಡ ಖರ್ಚೇನಲ್ಲ, ಚೌಕಾಸಿಗೆ ಮಾತ್ರ ಒಳ್ಳೆ ಕಾರಣ.

ಇನ್ನು ಯಾವ ಕಾರು? ಹೊರದೇಶದವರನ್ನು ಕೇಳಿದರೆ ಕಣ್ಣು ಮುಚ್ಚಿ ಮಾಜ್ದಾ ಎಂಎಕ್ಸ್-5 ಅನ್ನುತ್ತಾರೆ. 1989ರಲ್ಲಿ ಬಂದದ್ದು, ಹಗುರ, ಹಿಂದಿನ ಚಕ್ರದ ಎಳೆತ, ಜಪಾನಿನ ನಂಬಿಕೆಯ ಎಂಜಿನ್, ಇಂಜೆಕ್ಷನ್. ಭಾರತದಲ್ಲಿ ಕಂಪೆನಿ ಅದನ್ನು ಮಾರಲೇ ಇಲ್ಲ. ಅದರ ದೊಡ್ಡ ಕಾಯಿಲೆ ಕೇಳಿದರೆ ನಗು ಬರುತ್ತದೆ: ಬಟ್ಟೆಯ ಟಾಪಿನ ನೀರು ಇಳಿಯುವ ತೂತಿಗೆ ಎಲೆ ಕಟ್ಟಿ, ನೀರು ಹಿಂದಿನ ಸಿಲ್ಲಿಗೆ ಇಳಿದು ತುಕ್ಕು. ನಮ್ಮ ಹಲಸಿನ ಮರದ ಕತೆಯೇ. ಬ್ರಿಟನ್ನಿನ ಹಳೇ ಎಂಜಿಬಿ, ಟ್ರಯಂಫ್ ಚಂದವೇ. ಆದರೆ ಎಂಜಿಬಿಯಲ್ಲಿ ಸಿಲ್ ಅಂದರೆ ಕಾರಿನ ಬೆನ್ನೆಲುಬು, ಅದು ಕರಗಿದರೆ ಕಾರೇ ನಡುವಿನಲ್ಲಿ ಬಾಗುತ್ತದೆ. ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳ ಜೊತೆ ದಿನಾ ಆಫೀಸಿಗೆ ಹೋಗುವುದು ಮಂಡೆಬಿಸಿ.

ನಮ್ಮಲ್ಲಿ ಸಿಗುವುದರಲ್ಲಿ ನನ್ನ ಓಟು 2000ದಿಂದ 2003ರವರೆಗೆ ಬಂದ ಹೋಂಡಾ ಸಿಟಿ 1.5 ವಿಟೆಕ್‌ಗೆ. ನಾಲ್ಕು ಬಾಗಿಲಿನದ್ದು ಸ್ಪೋರ್ಟ್ಸ್ ಕಾರು ಹೇಗಾಯಿತು ಅಂತ ಕೇಳುವವರು ಒಮ್ಮೆ ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತಿಸಿ ನೋಡಲಿ. 106 ಬಿಎಚ್‌ಪಿ, ತೂಕ ಹೆಚ್ಚುಕಡಿಮೆ ಒಂದು ಟನ್, ಎಂಜಿನ್ ಮೇಲಿನ ಆರ್‌ಪಿಎಂಗೆ ಹೋದಷ್ಟೂ ಖುಷಿ. ಇದರ ಕಾಯಿಲೆಗಳು ಎಲ್ಲರಿಗೂ ಗೊತ್ತಿರುವಂಥವು, ಅದೇ ಇದರ ಗುಣ. ಮೊದಲನೆಯದು ಮೇನ್ ರಿಲೇ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಆ ಸದ್ದಿಲ್ಲದಿದ್ದರೆ ಡ್ಯಾಶ್ ಅಡಿಯ ರಿಲೇ ಡಬ್ಬಿ ಬಿಚ್ಚಿಸಿ. ಒಳಗೆ ಬೆಸುಗೆಯ ಕಾಲುಗಳ ಸುತ್ತ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ, ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ. ಟಿವಿ ರಿಪೇರಿಯವರ ಹತ್ತಿರ ಮತ್ತೆ ಬೆಸುಗೆ ಹಾಕಿಸಿದರೆ ಸಾಕು. ಇದು ಗೊತ್ತಿಲ್ಲದ ಗ್ಯಾರೇಜಿನಲ್ಲಿ ಪಂಪು, ಇಂಜೆಕ್ಟರ್, ಎಂಜಿನಿನ ಕಂಪ್ಯೂಟರ್ (ಇಸಿಯು) ಎಲ್ಲ ಬದಲಾಗುತ್ತದೆ. ಎರಡನೆಯದು ಟೈಮಿಂಗ್ ಬೆಲ್ಟ್. ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಬಿಲ್ ತೋರಿಸದೆ ಬರೀ ಬಾಯಿಮಾತಲ್ಲಿ ಬದಲಿಸಿದೆ ಅಂದರೆ ಬದಲಿಸಿಲ್ಲ ಅಂತಲೇ ಹಿಡಿಯಿರಿ. ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಮೂರೂ ಒಟ್ಟಿಗೆ ಹಾಕಿಸಿ, ಕಿಲೋಮೀಟರ್ ಆಗದಿದ್ದರೂ ಐದು ವರ್ಷಕ್ಕೊಮ್ಮೆ. ಹೆಡ್‌ಲೈಟ್, ಬಂಪರ್‌ನಂಥ ಬಾಡಿ ಸಾಮಾನು ಮಾತ್ರ ಈಗ ಕಷ್ಟ. ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದಲ್ಲಿ ಸಿಕ್ಕರೆ ರಾತ್ರಿ ಬಸ್ಸಿಗೆ ಹಾಕಿಸಿದರಾಯಿತು, ಬೆಳಗ್ಗೆ ಇಲ್ಲಿ.

ಬಿಡಿಭಾಗದ ಚಿಂತೆಯೇ ಬೇಡ ಅನ್ನುವವರಿಗೆ ಮಾರುತಿ ಬಲೆನೊ 1.6, ಹಳೇದು, ಈಗಿನ ಹ್ಯಾಚ್‌ಬ್ಯಾಕ್ ಅಲ್ಲ. ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್ ಓಡಿಸಲಿಕ್ಕೆ ಬಹಳ ಮಜಾ, 100 ಬಿಎಚ್‌ಪಿ, ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಸ್ಕೋಡಾ ಒಕ್ಟಾವಿಯಾ ಆರ್‌ಎಸ್‌ನ 1.8 ಟರ್ಬೊ 150 ಬಿಎಚ್‌ಪಿ ಕೊಡುತ್ತದೆ ನಿಜ. ಅಗ್ಗದ ಆಯಿಲ್ ಹಾಕಿದವರ ಕಾರಾದರೆ ಒಳಗೆ ಡಾಂಬರಿನ ಹಾಗೆ ಕೆಸರು ಕಟ್ಟಿ ಆಯಿಲ್ ಜಾಲರಿ ಮುಚ್ಚಿರುತ್ತದೆ, ವ್ಯಾಕ್ಯೂಮ್ ಪೈಪುಗಳು ಹಪ್ಪಳದ ಹಾಗೆ ಮುರಿಯುತ್ತವೆ. ಆಯಿಲ್ ಕ್ಯಾಪ್ ತೆಗೆದು ಟಾರ್ಚ್ ಹಾಕಿ ನೋಡದೆ ಅದನ್ನು ಕೊಳ್ಳಬೇಡಿ. ಕಾಂಟೆಸ್ಸಾ ಮೇಲೆ ಪ್ರೀತಿ ಇರುವವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಇಸುಜು 1.8 ಎಂಜಿನಿನದ್ದನ್ನೇ ಹುಡುಕಿ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎರಡು ಸೀಟಿನ, ಫೈಬರ್ ಬಾಡಿಯ ಕಾರು, ಬಾಡಿಗೆ ತುಕ್ಕಿಲ್ಲ. ಆದರೆ ಅದರ ಬೀಡಿಂಗೋ ಗಾಜೋ ಹೋದರೆ ಎಲ್ಲಿ ಹುಡುಕುತ್ತೀರಿ?

ಯಾವ ಕಾರಾದರೂ ಸರಿ, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಜಾಗದಲ್ಲಿ ಉಂಟಾ ನೋಡಿ. ಬಿಸಿಯಾಗುತ್ತದೆ ಅಂತ ಅದನ್ನು ತೆಗೆದು ಬಿಸಾಡುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಮೊದಲಿನಿಂದ ಉಂಟು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಎಂಜಿನ್ ಬಿಸಿಯೇ ಏರುವುದಿಲ್ಲ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೆಡುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ: ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವ್ ಉಂಟು, ಮೊದಲಿನಿಂದಲೂ ಮೆಲ್ಲಮೆಲ್ಲ ಬೆಚ್ಚಗಾದರೆ ಇಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟಿನಲ್ಲಿ ಸಿಲಿಂಡರುಗಳ ನಡುವೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್ ಕೆಲಸದ ಹಣ ಕಳೆದೇ ಮಾತಾಡಿ.

ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಿಂತೇ ಇರುವ ಕಾರಿನ ಕಬ್ಬಿಣದ ಟ್ಯಾಂಕಿಗೆ ಅದು ಶತ್ರು, ದಿನಾ ಓಡುವ ಕಾರಿಗೆ ಅಷ್ಟು ತೊಂದರೆಯಿಲ್ಲ. ಪೆಟ್ರೋಲ್ ಹೋಸುಗಳನ್ನೆಲ್ಲ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರುವುದಕ್ಕೆ ಬದಲಿಸಿ, ಕ್ಲಿಪ್ ಸಮೇತ.

ಕಾಗದದ ವಿಷಯದಲ್ಲಿ ಒಂದು ಕಡೆ ಜನ ಎಡವುತ್ತಾರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಿ ವಿಎ ನಂಬರ್ ಪಡೆಯಬಹುದು, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಆ ನಂಬರಿನ ಕಾರನ್ನು ದಿನನಿತ್ಯ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಆಫೀಸಿಗೆ ಹೋಗುವ ಕಾರಿಗೆ ಮಾಮೂಲಿ ಆರ್‌ಸಿಯೇ ಬೇಕು: 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಫಿಟ್‌ನೆಸ್. ಆರ್‌ಸಿ ಮುಗಿದು ಮೂಲೆ ಸೇರಿದ ಕಾರಾದರೆ ನವೀಕರಣ ಮಾಡಿಸಿಕೊಟ್ಟ ಮೇಲೆಯೇ ಪೂರ್ತಿ ಹಣ. ಚಾಸಿ ನಂಬರನ್ನು ಬೆರಳಿನಿಂದ ಸವರಿ ಆರ್‌ಸಿ ಜೊತೆ ಹೋಲಿಸಿ. ಇನ್ಶೂರೆನ್ಸ್‌ನಲ್ಲಿ ಐದು ವರ್ಷ ದಾಟಿದ ಗಾಡಿಯ ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟುವ ಬೆಲೆ, ನಿಮ್ಮ ಮತ್ತು ಕಂಪೆನಿಯ ಒಪ್ಪಂದದ ಮೇಲೆ ನಿಲ್ಲುತ್ತದೆ, ಫೋಟೋ, ಬಿಲ್ಲು ಇಟ್ಟುಕೊಂಡು ಕೇಳಿ.

ಸೋಣದಲ್ಲಿ ಕಾರು ಮನೆಗೆ ಬಂತು ಅಂತಿಟ್ಟುಕೊಳ್ಳಿ. ಮೊದಲ ವಾರ ಬೆಲ್ಟ್, ಎಲ್ಲ ಆಯಿಲ್, ಕೂಲೆಂಟ್, ಬ್ರೇಕ್ ಫ್ಲೂಯಿಡ್. ಬ್ರೇಕ್ ಫ್ಲೂಯಿಡ್ ನೀರು ಹೀರುತ್ತದೆ, ಶಿರಾಡಿ ಘಾಟಿ ಇಳಿಯುವಾಗ ಬಿಸಿಗೆ ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಹಾಗಾಗಿ ನಮ್ಮ ಹವೆಗೆ ವರ್ಷಕ್ಕೊಮ್ಮೆ. ಟಯರಿನ ಬದಿಯ ನಾಲ್ಕಂಕಿ ಓದಿ, 2318 ಅಂದರೆ 2018ರ 23ನೇ ವಾರ. ಆರು ವರ್ಷ ದಾಟಿದ್ದರೆ ಹೂವು (ಟ್ರೆಡ್) ಎಷ್ಟೇ ಇದ್ದರೂ ಬದಲಿಸಿ. ಬಾಗಿಲು, ಸಿಲ್ಲಿನ ಒಳಗೆ ಹೊಡೆಸುವ ಮೇಣಕ್ಕೆ ಮಾತ್ರ ಅವಸರ ಬೇಡ. ಒದ್ದೆ ತಗಡಿನ ಮೇಲೆ ಅದು ಹಿಡಿಯುವುದಿಲ್ಲ. ಅಲ್ಲಿಯವರೆಗೆ ನೀರಿಳಿಯುವ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ ಇಟ್ಟುಕೊಳ್ಳಿ. ಡಿಸೆಂಬರಿನ ಒಣ ಗಾಳಿ ಶುರುವಾದ ಮೇಲೆ ಎರಡು ದಿನ ಬಾಗಿಲು ತೆರೆದಿಟ್ಟು ಬಿಸಿಲಿಗೆ ನಿಲ್ಲಿಸಿ, ಆಮೇಲೆ ಹೊಡೆಸಿ.