ಐವತ್ತರಲ್ಲಿ ಲಂಡನ್‌ಗೆ ಹೋದ ಜೊಹ್ರಾ ಸೆಹಗಲ್

'ಚೀನಿ ಕಮ್' ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ತಾಯಿಯಾಗಿ ಮಗನನ್ನು ಗೋಳುಹೊಯ್ದುಕೊಳ್ಳುವ ಅಜ್ಜಿ ನೆನಪಿದ್ದಾರಲ್ವಾ? ಅವರೇ ಜೊಹ್ರಾ ಸೆಹಗಲ್. ನಮ್ಮಲ್ಲಿ ಜಾಸ್ತಿ ಜನಕ್ಕೆ ಅವರು ಗೊತ್ತಿರುವುದು ತುಂಟ ಅಜ್ಜಿಯಾಗಿ ಮಾತ್ರ. ಅದಕ್ಕೂ ಮುಂಚೆ ಲಂಡನ್‌ನಲ್ಲಿ ವರ್ಷಗಟ್ಟಲೆ ದುಡಿದದ್ದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರ.

1962ರಲ್ಲಿ ನಾಟಕದ ಸ್ಕಾಲರ್‌ಶಿಪ್ ಮೇಲೆ ಹೊರಟಾಗ ಅವರಿಗೆ 50 ವರ್ಷ. ಗಂಡ ತೀರಿಹೋಗಿದ್ದರು, ಇಬ್ಬರು ಮಕ್ಕಳಿದ್ದರು. ರಂಗಕ್ಕೆ ಹೊಸಬರೇನಲ್ಲ. ನೃತ್ಯಗಾರ ಉದಯ್ ಶಂಕರ್ ತಂಡದಲ್ಲಿ ಕುಣಿದು ದೇಶ ದೇಶ ಸುತ್ತಿದ್ದರು. ಪೃಥ್ವಿರಾಜ್ ಕಪೂರ್ ಅವರ ಪೃಥ್ವಿ ಥಿಯೇಟರ್ಸ್ ಜೊತೆ, ನಮ್ಮ ಗುಬ್ಬಿ ಕಂಪನಿಯವರ ಹಾಗೆ, 14 ವರ್ಷ ಊರೂರು ಅಲೆದಿದ್ದರು.

ಅಂಥವರು ಲಂಡನ್‌ನ ಓಲ್ಡ್ ವಿಕ್ ರಂಗಮಂದಿರದಲ್ಲಿ ಡ್ರೆಸ್ಸರ್ ಕೆಲಸ ಮಾಡಿದರು. ಅಂದರೆ ಬೇರೆ ನಟರಿಗೆ ವೇಷ ತೊಡಿಸುವುದು. ನಾಟಕದವರಿಗೆ ಈ ಕೆಲಸ ಗೊತ್ತು. ದೃಶ್ಯ ಮುಗಿಸಿ ನಟಿ ಓಡಿ ಬರುತ್ತಾಳೆ. ಮುಂದಿನ ಉಡುಪು ಹಿಡಿದು ಸೈಡ್ ವಿಂಗ್‌ನ ಕತ್ತಲಲ್ಲಿ ಕಾಯುತ್ತಿರಬೇಕು. ಬೆನ್ನಿನ ಹುಕ್ಕು ಹಾಕಬೇಕು, ಬೆವರಿನಲ್ಲಿ ಒದ್ದೆಯಾದ ಬಟ್ಟೆ ಎತ್ತಿಡಬೇಕು. ಆಚೆ ಚಪ್ಪಾಳೆ ಕೇಳುತ್ತಿರುತ್ತದೆ. ತಾನೇ ಬಣ್ಣ ಹಚ್ಚಿ ತುಂಬಿದ ಸಭೆ ಎದುರು ನಿಂತವರಿಗೆ ಅದು ಎಷ್ಟು ಕಷ್ಟ ಅಂತ ಯೋಚಿಸಿ.

ಟಿವಿಯಲ್ಲಿ ಸಿಕ್ಕಿದ್ದು ಬಹುಪಾಲು ಸಣ್ಣ ಪಾತ್ರಗಳು. ಪ್ರತಿಭೆ ಕಡಿಮೆಯಾಗಿ ಅಲ್ಲ. ಭಾರತೀಯರ ಪಾತ್ರಕ್ಕೂ ಬಿಳಿ ನಟರೇ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬರುತ್ತಿದ್ದ ಕಾಲ ಅದು. 1984ರಲ್ಲೂ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾದ ಪ್ರೊಫೆಸರ್ ಗೋಡ್ಬೋಲೆ ಆಗಿದ್ದು ಬ್ರಿಟಿಷ್ ನಟ ಅಲೆಕ್ ಗಿನ್ನೆಸ್! ಅದೇ ವರ್ಷ 'ದ ಜ್ಯುವೆಲ್ ಇನ್ ದ ಕ್ರೌನ್' ಧಾರಾವಾಹಿಯ ಲೇಡಿ ಚಟರ್ಜಿಯಾಗಿ ಜೊಹ್ರಾ ಬ್ರಿಟನ್ನಿನ ಮನೆಮನೆಗೆ ಬಂದರು. ಆಗ ವಯಸ್ಸು 70 ದಾಟಿತ್ತು.

ಲಂಡನ್‌ನ ವರ್ಷಗಳನ್ನು ಸುಮ್ನೆ ಕಾದು ಕೂತ ಕಾಲ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಂದೆ ನಾವು ಮೆಚ್ಚಿದ ಆ ಅಜ್ಜಿಯನ್ನು ನೋಡಿ. ಎರಡೇ ಮಾತಿನ ದೃಶ್ಯವಿದ್ದರೂ ಪರದೆ ಪೂರ್ತಿ ಅವರದೇ. ಸಣ್ಣ ಪಾತ್ರಗಳಲ್ಲಿ ವರ್ಷಾನುಗಟ್ಟಲೆ ಪಳಗಿದವರಿಗಲ್ಲದೆ ಅದು ಬರುವುದಿಲ್ಲ ಅಂತಲೇ ನನ್ನ ನಂಬಿಕೆ. 2010ರಲ್ಲಿ ಪದ್ಮವಿಭೂಷಣ ಬಂದಾಗಲೂ ಬಾಲಿವುಡ್ ಸಿನಿಮಾಗಳ ಪಟ್ಟಿಯೇ ಮುಂದಿತ್ತು.

ಈಗಲೂ ನಮ್ಮ ರಂಗಭೂಮಿಯ ಹುಡುಗ ಹುಡುಗಿಯರು ಹೊರದೇಶಕ್ಕೆ ಹೋದರೆ ಊರಲ್ಲಿ ಮೊದಲ ಪ್ರಶ್ನೆ, "ಹಾಲಿವುಡ್ ಪಿಕ್ಚರ್ ಸಿಕ್ತಾ?" ಆ ಮಕ್ಕಳು ಎಷ್ಟು ಕುಗ್ಗಿ ಹೋಗುತ್ತಾರೆ ಗೊತ್ತಾ? ದಯವಿಟ್ಟು ಹಾಗೆ ಕೇಳಬೇಡಿ. ಈಗ ಯಾವ ನಾಟಕ ಮಾಡ್ತಿದ್ದೀಯಾ, ಪಾತ್ರ ಏನು, ಶೋ ಯಾವಾಗ ಅಂತ ಕೇಳಿ. ಆ ಊರಲ್ಲಿ ನಿಮ್ಮವರು ಯಾರಾದರೂ ಇದ್ದರೆ ಟಿಕೆಟ್ ತಗೊಂಡು ಹೋಗಿ ನೋಡೋಕೆ ಹೇಳಿ.