ಗಂಟಿಲ್ಲದ ಮುದ್ದೆ

ಮುದ್ದೆಗೆ ಬೇಕಾಗುವುದು ರಾಗಿ ಹಿಟ್ಟು, ನೀರು, ಬೇಕಿದ್ದರೆ ಚಿಟಿಕೆ ಉಪ್ಪು. ಇಷ್ಟೇ. ಆದರೂ ಮಸಾಲೆ ಅರೆದು ಬಿರಿಯಾನಿ ಮಾಡಿ ಹಾಕುವವರು ಕೂಡ ಮುದ್ದೆ ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಅವರ ಭಯ ಗಂಟಿನದು.

ಕುದಿಯುವ ನೀರಿಗೆ ಒಣ ಹಿಟ್ಟು ಬಿದ್ದರೆ ಅದರ ಹೊರಮೈ ತಕ್ಷಣ ಬೆಂದು ಅಂಟಾಗುತ್ತದೆ. ಅದನ್ನು ದಾಟಿ ನೀರು ಒಳಗೆ ಇಳಿಯುವುದಿಲ್ಲ. ನಡುವಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಉಣ್ಣುವಾಗ ಅದು ಬಾಯಲ್ಲಿ ಪುಡಿಯಾಗಿ ಒಡೆಯುತ್ತದೆ, ಬಡಿಸಿದವರು ಬೇರೆ ಕಡೆ ನೋಡುತ್ತಾರೆ.

ಪಳಗಿದವರು ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕುತ್ತಾರೆ. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತಾರೆ. ಆಮೇಲೆ ಸುಮ್ನೆ ನಿಲ್ಲಬೇಕು. ಹೊಸಬರಿಗೆ ಇದೇ ಕಷ್ಟ. ಕೈಯಲ್ಲಿ ಕೋಲಿದ್ದರೆ ತಿರುವೋಣ ಅನ್ನಿಸುತ್ತದೆ ಅಲ್ವಾ? ತಿರುವಬಾರದು. ಗುಡ್ಡೆಯ ನಡುವೆ ಕೋಲಿನಿಂದ ಒಂದು ತೂತು ಮಾಡಿ, ಎಸರು ಅದರೊಳಗಿಂದ ಗುಳುಗುಳು ಅಂತ ಮೇಲೆ ಬರುವಂತೆ ಬಿಟ್ಟು, ಉರಿ ತಗ್ಗಿಸಿ ಬೇಯಿಸಬೇಕು.

ಅವಸರವೇನಿದ್ದರೂ ಬೆಂದ ಮೇಲೆ. ಪಾತ್ರೆ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ರಟ್ಟೆಯ ಬಲವನ್ನೆಲ್ಲ ಹಾಕಿ ತಿರುವುತ್ತಾರೆ. ಒದ್ದೆ ಬೆರಳಿನಲ್ಲಿ ಮುಟ್ಟಿದರೆ ಅಂಟಬಾರದು. ಬಿಸಿ ಆರುವುದರೊಳಗೆ ಉಂಡೆ ಕಟ್ಟಬೇಕು, ಕೈ ಸುಟ್ಟರೂ. ಎಷ್ಟು ನೀರಿಗೆ ಎಷ್ಟು ಹಿಟ್ಟು ಅಂತ ಮಂಡ್ಯ ಕಡೆಯ ಅಜ್ಜಿಯರನ್ನು ಕೇಳಿದರೆ "ಕಣ್ಣಂದಾಜು ಕಣಪ್ಪ" ಅನ್ನುತ್ತಾರೆ. ಗುಟ್ಟು ಬಿಟ್ಟುಕೊಡದ ಮಾತಲ್ಲ ಅದು. ಹಿಟ್ಟು ನುಣ್ಣಗಿದೆಯೋ ತರಿಯಾಗಿದೆಯೋ ನೋಡದೆ ಲೆಕ್ಕ ಹೇಳುವುದು ಹೇಗೆ?

ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ಕೊನೆಗೆ ರಾಗಿಯನ್ನೇ ಗೆಲ್ಲಿಸಿದರು. ನ್ಯಾಯವಾದ ತೀರ್ಪೇ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಂದೆ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ತುಂಬಿಡುತ್ತಿದ್ದರು. ಆದರೆ ಅಡುಗೆಮನೆಯಲ್ಲಿ ಗೆದ್ದದ್ದು ಅಕ್ಕಿ. ತೊಳೆದು ಕುಕ್ಕರಿಗಿಟ್ಟರೆ ಸೀಟಿ ಹೊಡೆಯುವವರೆಗೆ ಫೋನ್ ನೋಡಿಕೊಂಡಿರಬಹುದು. ಮುದ್ದೆ ಒಲೆಯ ಮುಂದಿನಿಂದ ಅಲುಗಾಡಲು ಬಿಡುವುದಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತಲ್ಲ, ರಾಗಿ ಬಿಸ್ಕತ್ತು, ರಾಗಿ ನೂಡಲ್ಸ್‌ಗೆಲ್ಲ ಆಗ ಒಳ್ಳೆ ಮರ್ಯಾದೆ. ನನ್ನ ಪ್ರಕಾರ ಅವೆಲ್ಲ ತಿರುವಲು ಬೇಸರಪಡುವವರ ರಾಗಿ.

ಉಣ್ಣುವವರ ಕೆಲಸ ಮಾತ್ರ ಸಲೀಸು. ಮುರಿದು, ಬಸ್ಸಾರಿನಲ್ಲೋ ಹಿತಕಿದ ಅವರೆಕಾಳಿನ ಸಾರಿನಲ್ಲೋ ಹೊರಳಿಸಿ, ನುಂಗಿಬಿಡುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ. ಹಳೇ ಮೈಸೂರು ಕಡೆ ಮುದ್ದೆ ಉಣ್ಣುವ ಸ್ಪರ್ಧೆಯನ್ನೂ ಇಡುತ್ತಾರೆ. ಜಾಸ್ತಿ ನುಂಗಿದವರಿಗೆ ಬಹುಮಾನ, ಶಿಳ್ಳೆ, ಚಪ್ಪಾಳೆ. ಅಷ್ಟೂ ಮುದ್ದೆ ತಿರುವಿದವರು ಯಾರು ಅಂತ ಮೈಕಿನಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.