ಮೂರು ದಿನ ಮೌನವ್ರತ

ಸಿನಿಮಾ ಟಿಕೆಟ್ ಬುಕ್ ಮಾಡೋಣ ಅಂತ ಆ್ಯಪ್ ತೆರೆದರೆ ಸ್ಟಾರ್‌ಗಳೇ ಮಾಯ. ಆ ಜಾಗದಲ್ಲಿ ಒಂದೇ ಸಾಲು: ನ್ಯಾಯಾಲಯದ ಆದೇಶದಂತೆ ರೇಟಿಂಗ್, ವಿಮರ್ಶೆ ಬಂದ್. 2025ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಕನ್ನಡ ಸಿನಿಮಾದ ಪುಟದಲ್ಲೂ ಇದನ್ನೇ ಓದಿದಿರಿ ಅಲ್ವಾ? ಕಾಸು ಕೊಟ್ಟು ಕೆಟ್ಟ ರೇಟಿಂಗ್ ಹಾಕಿಸ್ತಾರೆ, ನಮ್ಮ ಶ್ರಮಕ್ಕೆ ಬೆಲೆ ಬೇಡವಾ ಅನ್ನೋದು ಸಿನಿಮಾದವರ ವಾದ. ನನಗಂತೂ ಬಹಳ ಹಿಡಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಗಣಿತದ ಅಂಕಪಟ್ಟಿಗೂ ಇಂಥದ್ದೊಂದು ತಡೆಯಾಜ್ಞೆ ಸಿಕ್ಕಿದ್ದರೆ ಅಪ್ಪನ ಬೆಲ್ಟು ಮೊಳೆಯಲ್ಲೇ ನೇತಾಡುತ್ತಿತ್ತು. ನಾನೂ ರಾತ್ರಿಯೆಲ್ಲ ಓದಿದ್ದೆ. ಶ್ರಮಕ್ಕೆ ಬೆಲೆ ಬೇಡವಾ?

ಕಾಸು ಕೊಟ್ಟು ಎದುರಾಳಿ ಸಿನಿಮಾಕ್ಕೆ ಒಂದೇ ಸ್ಟಾರ್ ಒತ್ತಿಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕಾಸು ಕೊಟ್ಟು ಹತ್ತಕ್ಕೆ ಹತ್ತು ಒತ್ತಿಸಿದವರ ವಿರುದ್ಧ ಯಾವ ನಿರ್ಮಾಪಕರೂ ಕೋರ್ಟಿಗೆ ಓಡಿದ್ದನ್ನು ನಾನು ಕೇಳಿಲ್ಲ.

ಅಕ್ಕಪಕ್ಕದವರೂ ಇದೇ ಗುಂಗಿನಲ್ಲಿದ್ದಾರೆ. ಮೊದಲ ಮೂರು ದಿನ ಯಾರೂ ವಿಮರ್ಶೆ ಮಾಡಬಾರದು ಅಂತ ತಮಿಳು ನಿರ್ಮಾಪಕರು 2024ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು. ಕೋರ್ಟು ಒಪ್ಪಲಿಲ್ಲ. ಕೇರಳದಲ್ಲಿ 48 ಗಂಟೆ ಬಾಯಿ ಮುಚ್ಚಿಕೊಂಡಿರಿ ಅನ್ನೋ ಸಲಹೆ ಬಂತು. ಮನೆಯಲ್ಲಿ ಸೂತಕ ಹನ್ನೊಂದು ದಿನ. ಸಿನಿಮಾದವರು ಕೇಳೋದು ಮೂರೇ ದಿನ, ಪರವಾಗಿಲ್ಲ.

ಅಣ್ಣಾವ್ರು ನಮ್ಮನ್ನು ಅಭಿಮಾನಿ ದೇವರುಗಳು ಅಂತ ಕರೆದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಕರೆದರು. ಈಗಿನವರು ಅದನ್ನು ಅಕ್ಷರಶಃ ತಗೊಂಡಿದ್ದಾರೆ. ದೇವರು ಅಂದಮೇಲೆ ಮಾತಾಡಬಾರದು. ನೈವೇದ್ಯ ಹಳಸಿದ್ದರೂ ಮುಖ ಸಿಂಡರಿಸಬಾರದು. ವರ ಕೊಡಬೇಕು, ಹುಂಡಿಗೂ ತಾನೇ ಕಾಸು ಹಾಕಬೇಕು. ನಮ್ಮೂರ ಮಾರಮ್ಮನೇ ವಾಸಿ. ಪೂಜೆ ಸರಿ ಇಲ್ಲದಿದ್ದರೆ ಯಾರದ್ದಾದರೂ ಮೈಮೇಲೆ ಬಂದು ಎಲ್ಲರೆದುರೇ ಉಗಿದು ಹೋಗುತ್ತಾಳೆ. ಅವಳಿಗೆ ಯಾವ ಪೂಜಾರಿಯೂ ಸ್ಟೇ ತಂದಿಲ್ಲ. ಇನ್ನು ಹಾಲಿನ ವಿಷಯ ಕೇಳಲೇಬೇಡಿ. ಅದು ದೇವರಿಗಲ್ಲ, ಥಿಯೇಟರ್ ಮುಂದಿನ ಕಟೌಟಿಗೆ.

ಸಿನಿಮಾ ಬಿದ್ದ ವಾರ ಪ್ರೆಸ್‌ಮೀಟ್ ಇರುತ್ತೆ. "ಎರಡು ವರ್ಷ ಹಗಲು ರಾತ್ರಿ ಕಷ್ಟಪಟ್ಟಿದ್ದೀವಿ. ನೂರಾರು ಜನರ ಅನ್ನದ ಪ್ರಶ್ನೆ." ಸಿನಿಮಾ ಗೆದ್ದರೆ ಈ ನೂರಾರು ಜನ ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ. ಸಕ್ಸಸ್‌ಮೀಟಿನ ವೇದಿಕೆ ಮೇಲೆ ಒಬ್ಬ ಲೈಟ್‌ಬಾಯ್‌ನನ್ನೂ ನಾನು ನೋಡಿಲ್ಲ.

ಕಷ್ಟದ ಮಾತು ಬಂತಲ್ಲ, ಹೇಳೇಬಿಡ್ತೀನಿ. 2016ರ ನವೆಂಬರ್‌ನಲ್ಲಿ ಕ್ಲೈಮ್ಯಾಕ್ಸ್ ಶೂಟಿಂಗಿಗೆ ಅಂತ ಇಬ್ಬರು ನಟರು ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದರು. ಲೈಫ್ ಜಾಕೆಟ್ ಇರಲಿಲ್ಲ. ಮೇಲೆ ಬರಲಿಲ್ಲ. 2021ರಲ್ಲಿ ಬಿಡದಿ ಹತ್ತಿರ ಫೈಟ್ ಸೀನ್ ತೆಗೆಯುವಾಗ ಹೈಟೆನ್ಷನ್ ತಂತಿ ತಗುಲಿ ಒಬ್ಬ ಫೈಟರ್ ಸತ್ತ. ಶ್ರಮ ಅಂದರೆ ಅದು. ಅದಕ್ಕೆ ಬೆಲೆ ಕೊಡಬೇಕಿದ್ದದ್ದು ಬಾಲ್ಕನಿಯಲ್ಲಿ ಕೂತ ನಾನಲ್ಲ ಸ್ವಾಮಿ. ಒಂದು ಜಾಕೆಟ್ ತರಿಸೋಕಾಗದವರು ನನ್ನ ಎರಡು ಸ್ಟಾರ್‌ಗೆ ವಕೀಲರನ್ನು ಇಡಬೇಡಿ. ಸಾಕಾಗಿದೆ.

ಇರಲಿ. ಹೋದ ಶುಕ್ರವಾರ ಒಂದು ಮಲ್ಟಿಪ್ಲೆಕ್ಸಿಗೆ ಹೋಗಿದ್ದೆ. ನನ್ನನ್ನೂ ಸೇರಿಸಿ ಒಂಬತ್ತು ಜನ. ಹಿಂದಿನ ಸಾಲಿನವರೊಬ್ಬರು ಇಂಟರ್‌ವಲ್‌ಗೆ ಮುಂಚೆಯೇ ಗೊರಕೆ ಶುರು ಮಾಡಿದರು. ಹೀರೋ ಎಂಟ್ರಿಗೆ ಬೆಚ್ಚಿ ಎದ್ದು, ಅವನೇ ಅಂತ ಗೊತ್ತಾಗಿ ಮತ್ತೆ ಮಲಗಿದರು. ನಾನು ಮಾತ್ರ ಶ್ರಮಕ್ಕೆ ಗೌರವ ಕೊಡಲೇಬೇಕು ಅಂತ ಹಟ ಹಿಡಿದು ಕೊನೇವರೆಗೂ ಕೂತೆ. ಕೊನೇವರೆಗೂ ಅಂದರೆ ಹೆಸರುಗಳ ಪಟ್ಟಿ ಮುಗಿಯೋವರೆಗೆ. ಕಷ್ಟಪಟ್ಟವರೆಲ್ಲ ಇರೋದು ಅಲ್ಲೇ ತಾನೇ? ಮೇಕಪ್ ಸಹಾಯಕರು, ಕಾಸ್ಟ್ಯೂಮ್‌ನವರು, ಊಟದವರು, ಡ್ರೈವರ್‌ಗಳು. ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಓಟ ಮಾತ್ರ ಕುದುರೇದು. ಲೈಟ್ ಯೂನಿಟ್ ಅಂತ ಬಂದದ್ದೇ ತಡ, ಹಾಲ್‌ನ ಲೈಟ್ ಹತ್ತಿತು. ಪರದೆ ಕಪ್ಪಾಯಿತು.

ಪೊರಕೆ, ಕಪ್ಪು ಕವರ್ ಹಿಡಿದ ಹುಡುಗ ನನ್ನ ಕಾಲ ಹತ್ತಿರ ಚೆಲ್ಲಿದ್ದ ಪಾಪ್‌ಕಾರ್ನ್ ಗುಡಿಸುತ್ತಾ ಕೇಳಿದ, "ಹೇಗಿತ್ತು ಸಾರ್?"

"ಈಗ ಹೇಳೋ ಹಾಗಿಲ್ಲಪ್ಪ. ಮೂರು ದಿನ ಬಿಟ್ಟು ಹೇಳ್ತೀನಿ."

"ಅಲ್ಲೀತನಕ ಎಲ್ಲಿರುತ್ತೆ ಸಾರ್? ನಾಳೆ ಬೆಳಿಗ್ಗೆ ಶೋಗೇ ತೆಗೀತಾರಂತೆ. ಸ್ವಲ್ಪ ಕಾಲೆತ್ತಿ."